ಚಳಿಗಾಲಕ್ಕೆ ಮಾತ್ರ ಬೇಕಾದ ವಿದ್ಯಾರ್ಥಿಗಳು



ನನ್ನ ಅಕ್ಕನ ಮೊಮ್ಮಗಳು ಇಟಲಿ ದೇಶದ ರಿಮಿನಿ ಎಂಬ ಊರಿನಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿರುವ ಸಂಗತಿ ನಮ್ಮ ಬಂಧುವರ್ಗಕ್ಕೆಲ್ಲ ತಿಳಿದಿದೆ. ಅವಳು ಅಲ್ಲಿಗೆ ಹೋದ ದಿನದಿಂದ ಎರಡು ಬಗೆಯ ಮಾತುಗಳು ನನ್ನ ಕಿವಿಗೆ ಬೀಳುತ್ತಿವೆ. ಮೊದಲನೆಯದು ಬಂಧುಗಳದ್ದು: "ಸಮುದ್ರದ ದಂಡೆಯ ಊರಂತೆ, ಬಣ್ಣದ ಕೊಡೆಗಳ ಕೆಳಗೆ ಜನ ಮಲಗಿರುವ ಫೋಟೋ ನೋಡಿದೆವು, ಅಲ್ಲಿ ಓದು ಎಂಥದು?" ಎರಡನೆಯದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನದು. ಈಗ ಮಲೆನಾಡಿನಲ್ಲಿ ಹೋಂಸ್ಟೇ ನಡೆಸಿ ನಾಲ್ಕು ಕಾಸು ಕಂಡಿರುವ ಆತ, ಆ ಹುಡುಗಿಯ ವಸತಿಯ ಕಷ್ಟವನ್ನು ನಾನು ಹೇಳಿಕೊಂಡಾಗ, "ಸಾರ್, ಮನೆ ಮಾಲೀಕನದು. ಯಾರಿಗೆ ಕೊಡಬೇಕು, ಎಷ್ಟು ದಿನ ಕೊಡಬೇಕು ಎಂಬುದು ಅವನ ಇಷ್ಟ. ಇದರಲ್ಲಿ ಅನ್ಯಾಯವೇನು ಬಂತು?" ಎಂದು ಬರೆದ. ಮೊದಲನೆಯ ಮಾತಿಗೆ ಉತ್ತರ ಕೊಡುವುದು ಸುಲಭ. ಎರಡನೆಯದು ಹಾಗಲ್ಲ. ಅದನ್ನು ಹೇಳಿದವನು ಬುದ್ಧಿವಂತ, ಸಜ್ಜನ. ಅವನ ಹಾಗೆಯೇ ಯೋಚಿಸುವವರು ಈಗ ಬಹಳ ಮಂದಿ. ಆದ್ದರಿಂದ ಇಬ್ಬರಿಗೂ ಇಲ್ಲಿಯೇ ಉತ್ತರಿಸುತ್ತೇನೆ.

ರಿಮಿನಿ ಎಂಬುದು ಆಡ್ರಿಯಾಟಿಕ್ ಸಮುದ್ರದ ದಡದ ಒಂದು ಊರು. ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. ಕ್ರಿಸ್ತಪೂರ್ವ 268ರಲ್ಲಿ ರೋಮನ್ನರು ಅರಿಮಿನುಮ್ ಎಂಬ ಹೆಸರಿನಿಂದ ನೆಲೆಗೊಳಿಸಿದ ಪಟ್ಟಣವಿದು. ಕ್ರಿಸ್ತಪೂರ್ವ 27ರಲ್ಲಿ ಅಗಸ್ಟಸನಿಗಾಗಿ ಕಟ್ಟಿದ ಕಮಾನು ಊರಿನ ಒಂದು ತುದಿಯಲ್ಲಿ ಇಂದಿಗೂ ನಿಂತಿದೆ. ಇನ್ನೊಂದು ತುದಿಯಲ್ಲಿ, ಕ್ರಿಸ್ತಶಕ 14ರಲ್ಲಿ ಆರಂಭವಾಗಿ 21ರಲ್ಲಿ ಮುಗಿದ ಟೈಬೀರಿಯಸನ ಕಲ್ಲಿನ ಸೇತುವೆಯಿದೆ. ಎರಡು ಸಾವಿರ ವರ್ಷಗಳ ಆ ಸೇತುವೆಯನ್ನು ದಾಟಿ ನಮ್ಮ ಹುಡುಗಿ ತರಕಾರಿ ತರಲು ಹೋಗುತ್ತಾಳೆ ಎಂದು ಕೇಳಿದಾಗ, ಮೂವತ್ತು ವರ್ಷ ರೋಮ್ ಸಾಮ್ರಾಜ್ಯದ ಪಾಠವನ್ನು ಸೀಮೆಸುಣ್ಣದ ನಕ್ಷೆಯಲ್ಲೇ ಮುಗಿಸಿದ ನನಗೆ ಸ್ವಲ್ಪ ಅಸೂಯೆಯಾದದ್ದು ಸುಳ್ಳಲ್ಲ. ಚಲನಚಿತ್ರ ನಿರ್ದೇಶಕ ಫೆಡರಿಕೊ ಫೆಲಿನಿ 1920ರಲ್ಲಿ ಹುಟ್ಟಿದ್ದು ಇಲ್ಲಿಯೇ. ನಮ್ಮವರಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನೂ ಹೇಳಬೇಕು. 1944ರ ಸೆಪ್ಟೆಂಬರಿನಲ್ಲಿ ಈ ಊರಿಗಾಗಿ ಘೋರ ಯುದ್ಧ ನಡೆಯಿತು. ಆಗ ಅಲ್ಲಿನ ಬೆಟ್ಟಸಾಲುಗಳಲ್ಲಿ ಕಾದಾಡಿದ ಮಿತ್ರಸೈನ್ಯದಲ್ಲಿ ಭಾರತೀಯ ಸೇನೆಯ ತುಕಡಿಗಳೂ ಇದ್ದವು. ಊರಿನಿಂದ ಸಾನ್ ಮರೀನೊಗೆ ಹೋಗುವ ದಾರಿಯಲ್ಲಿ ಗೂರ್ಖಾ ಯೋಧರ ಸಮಾಧಿಸ್ಥಳವಿದೆ. ಆರುನೂರಕ್ಕೂ ಮಿಕ್ಕಿ ಸಮಾಧಿಗಳು, ಜೊತೆಗೆ ದಹನಸಂಸ್ಕಾರ ಪಡೆದವರಿಗೆ ಒಂದು ಪ್ರತ್ಯೇಕ ಸ್ಮಾರಕ. "ಅಜ್ಜ, ಇಲ್ಲಿ ಸಿಂಗ್ ಎಂಬ ಹೆಸರೂ ಇದೆ, ಥಾಪಾ ಎಂಬ ಹೆಸರೂ ಇದೆ" ಎಂದು ಅವಳು ಅಲ್ಲಿಂದಲೇ ಫೋನು ಮಾಡಿದ್ದಳು. ಫೋಟೋದಲ್ಲಿ ಕೊಡೆಗಳನ್ನು ಎಣಿಸಿದ ಬಂಧುಗಳು ಇದನ್ನೂ ಸ್ವಲ್ಪ ಎಣಿಸಬಹುದು.

ಇನ್ನು ಓದಿನ ವಿಷಯ. ರಿಮಿನಿಯಲ್ಲಿರುವುದು ಬೊಲೊನ್ಯ ವಿಶ್ವವಿದ್ಯಾನಿಲಯದ ಒಂದು ಅಂಗ. 1088ನೆಯ ಇಸವಿಯನ್ನು ತನ್ನ ಜನ್ಮವರ್ಷವೆಂದು ಆಚರಿಸುವ, ಯೂರೋಪಿನ ಅತ್ಯಂತ ಹಳೆಯದೆಂದು ಹೆಸರಾದ ಆ ವಿಶ್ವವಿದ್ಯಾನಿಲಯವು ಬೊಲೊನ್ಯದಲ್ಲಿ ಮಾತ್ರವಲ್ಲದೆ ಚೆಸೇನ, ಫೊರ್ಲೀ, ರವೆನ್ನ, ರಿಮಿನಿಗಳಲ್ಲೂ ಪಾಠ ನಡೆಸುತ್ತದೆ. ನಮ್ಮಲ್ಲಿಯಂತೆ ಊರಾಚೆ ನೂರಾರು ಎಕರೆಗೆ ಬೇಲಿ ಹಾಕಿ, ಕಮಾನು ಕಟ್ಟಿ, ಕಾವಲುಗಾರನನ್ನು ನಿಲ್ಲಿಸಿದ ಆವರಣ ಅಲ್ಲಿ ಇಲ್ಲ. ಹಳೆಯ ಊರಿನ ಓಣಿಗಳ ನಡುವೆ, ಇಗರ್ಜಿಯ ಪಕ್ಕ, ಬ್ರೆಡ್ಡಿನ ಅಂಗಡಿಯ ಎದುರು ತರಗತಿಗಳು ನಡೆಯುತ್ತವೆ. ನಮ್ಮ ಹುಡುಗಿ ಓದುವುದು ಪ್ರವಾಸೋದ್ಯಮದ ಅರ್ಥಶಾಸ್ತ್ರವನ್ನು. ಈ ವಿಷಯದ ಹೆಸರನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅಲ್ಲಿನ ಪರೀಕ್ಷಾಪದ್ಧತಿಯನ್ನು ಕೇಳಿ ನಾನು ಒಂದು ಸಂಜೆಯೆಲ್ಲ ಯೋಚಿಸುತ್ತ ಕುಳಿತಿದ್ದೆ. ಅಂಕಗಳು ಮೂವತ್ತಕ್ಕೆ, ಹದಿನೆಂಟು ಬಂದರೆ ತೇರ್ಗಡೆ. ಬಹಳಷ್ಟು ವಿಷಯಗಳಿಗೆ ಮೌಖಿಕ ಪರೀಕ್ಷೆ. ಪ್ರಾಧ್ಯಾಪಕರ ಎದುರು ಮೇಜಿನ ಈಚೆ ಕುಳಿತು, ಹಿಂದಿನ ಬೆಂಚುಗಳಲ್ಲಿ ಸಹಪಾಠಿಗಳು ಕೇಳಿಸಿಕೊಳ್ಳುತ್ತಿರುವಾಗ, ಓದಿದ್ದನ್ನು ಬಾಯಿಬಿಟ್ಟು ಹೇಳಬೇಕು. ಪ್ರಶ್ನೋತ್ತರ ಮಾಲಿಕೆ ಕಂಠಪಾಠ ಮಾಡಿದವನು ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ. ಇದಕ್ಕಿಂತ ಸೊಗಸಾದದ್ದು ಇನ್ನೊಂದು: ಬಂದ ಅಂಕ ತನ್ನ ಯೋಗ್ಯತೆಗೆ ಕಡಿಮೆಯೆನಿಸಿದರೆ ವಿದ್ಯಾರ್ಥಿ "ಬೇಡ" ಎಂದು ಹೇಳಿ ಎದ್ದು ಬರಬಹುದು! ಮುಂದಿನ ಸರದಿಯಲ್ಲಿ ಮತ್ತೆ ಕುಳಿತುಕೊಳ್ಳಬಹುದು. ಇಪ್ಪತ್ತೆರಡು ಅಂಕವನ್ನು ನಿರಾಕರಿಸಿ, ಆರು ವಾರ ಮತ್ತೆ ಓದಿ, ಇಪ್ಪತ್ತೇಳು ತಂದ ಈ ಹುಡುಗಿಯನ್ನು "ಸಮುದ್ರದಂಡೆಯಲ್ಲಿ ಮಜಾ ಮಾಡುತ್ತಿದ್ದಾಳೆ" ಎನ್ನುವ ನಾಲಿಗೆಗಳಿಗೆ ನಾನು ಏನು ಹೇಳಲಿ?

ಮಜಾ ಮಾಡಲು ಅಲ್ಲಿ ಸಮುದ್ರವಾದರೂ ಎಲ್ಲಿ ಸಿಗುತ್ತದೆ? ಹದಿನೈದು ಕಿಲೋಮೀಟರು ಉದ್ದದ ಮರಳದಂಡೆ ಎಂದು ಪ್ರಸಿದ್ಧವಾದ ಊರು ಅದು, ಸರಿ. ಆದರೆ ವಿದ್ಯಾರ್ಥಿಗಳ ಊರಿಗೂ ಪ್ರವಾಸಿಗರ ಊರಿಗೂ ನಡುವೆ ಒಂದು ರೈಲುಹಳಿಯಿದೆ, ಅದಕ್ಕಿಂತ ದೊಡ್ಡದಾಗಿ ಒಂದು ಪಂಚಾಂಗವಿದೆ. ಸೆಪ್ಟೆಂಬರು ಮುಗಿಯುತ್ತಲೇ ಕೊಡೆಗಳನ್ನು ಕಿತ್ತು ಒಳಗಿಡುತ್ತಾರೆ. ಸಾವಿರದ ಆಸುಪಾಸು ಇರುವ ಹೋಟೆಲುಗಳಲ್ಲಿ ಬಹುಪಾಲು ಬಾಗಿಲು ಮುಚ್ಚುತ್ತವೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಬಯಲುಸೀಮೆಯಿಂದ ಮಂಜು ಹರಿದುಬಂದು, ಬೀದಿಯ ದೀಪ ಎದುರುಗಡೆಯೇ ಇದ್ದರೂ ಕಾಣದಂತಾಗುತ್ತದಂತೆ. ಆ ಕಾಲದಲ್ಲಿ ರಿಮಿನಿಯ ಬೀದಿಗಳಲ್ಲಿ ಓಡಾಡುವವರು ಯಾರು? ಊರಿನ ವೃದ್ಧರು ಮತ್ತು ಈ ವಿದ್ಯಾರ್ಥಿಗಳು. ಮುಚ್ಚಿದ ಹೋಟೆಲುಗಳ ಸಾಲಿನಲ್ಲಿ ಕಾಫಿ ಅಂಗಡಿಯೊಂದು ಬಾಗಿಲು ತೆರೆದಿದೆಯೆಂದರೆ, ಬ್ರೆಡ್ಡು ಮಾರುವವನು ಬೆಳಿಗ್ಗೆ ಒಲೆ ಹಚ್ಚಿದ್ದಾನೆಂದರೆ ಅದರಲ್ಲಿ ಈ ಮಕ್ಕಳ ಚಿಲ್ಲರೆಯ ಪಾಲೂ ಇದೆ.

ಅವಳ ಮೊದಲ ವರ್ಷದ ಮನೆ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿತ್ತು. ನಾಲ್ವರು ಹುಡುಗಿಯರು: ಒಬ್ಬಳು ದಕ್ಷಿಣದ ಪುಲಿಯಾ ಪ್ರಾಂತ್ಯದವಳು, ಒಬ್ಬಳು ಅಲ್ಬೇನಿಯಾದವಳು, ಒಬ್ಬಳು ಇರಾನಿನವಳು, ನಮ್ಮವಳು ಸಾಗರ ತಾಲ್ಲೂಕಿನವಳು. ಒಂದೇ ಅಡುಗೆಮನೆ, ಒಂದೇ ಬಚ್ಚಲು, ಗೋಡೆಯ ಮೇಲೆ ಶುಚಿಗೊಳಿಸುವ ಸರದಿಯ ಪಟ್ಟಿ. ಆ ಸೀಮೆಯಲ್ಲಿ ಪಿಯಾದೀನಾ ಎಂಬ ಒಂದು ಬಗೆಯ ರೊಟ್ಟಿ ಮಾಡುತ್ತಾರೆ. ನೋಡಲು ನಮ್ಮ ಚಪಾತಿಯ ಅಣ್ಣನಂತೆ ದಪ್ಪ. ಇವಳು ಮೊದಲ ದಿನ ಬಹಳ ಸಂತೋಷದಿಂದ ಕೊಂಡಳು, ಆಮೇಲೆ ತಿಳಿಯಿತು ಅದರ ಹಿಟ್ಟಿಗೆ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬು ಬೆರೆಸುತ್ತಾರೆಂದು. ಈಗ ಆಲಿವ್ ಎಣ್ಣೆಯದನ್ನು ಕೇಳಿ ಪಡೆಯುವಷ್ಟು ಇಟಾಲಿಯನ್ ಬರುತ್ತದೆ. ಇರಾನಿನ ಹುಡುಗಿಯ ಅನ್ನಕ್ಕೂ ಇವಳ ಸಾರಿಗೂ ಒಳ್ಳೆಯ ಹೊಂದಾಣಿಕೆ ಆಯಿತಂತೆ. ಹಾಸ್ಟೆಲಿನ ವಾರ್ಡನ್ನಿನ ಶಿಳ್ಳೆಗೆ ಎದ್ದು, ಶಿಳ್ಳೆಗೆ ಉಂಡು, ಶಿಳ್ಳೆಗೆ ಮಲಗಿ ಬೆಳೆದ ನಮ್ಮ ಮಕ್ಕಳು ಹೀಗೆ ಅಪರಿಚಿತರೊಂದಿಗೆ ಸಂಸಾರ ನಡೆಸುವುದನ್ನು ಕಲಿಯುವುದೂ ಒಂದು ಪದವಿಯೇ ಎಂದು ನಾನು ತಿಳಿದಿದ್ದೇನೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಆ ಮನೆಯ ಬಾಡಿಗೆ ಕರಾರು ಸೆಪ್ಟೆಂಬರಿನಿಂದ ಮೇ 31ರವರೆಗೆ. ಜೂನ್ ಒಂದನೆಯ ತಾರೀಖು ಮನೆ ಖಾಲಿಯಾಗಿರಬೇಕು. ಏಕೆಂದರೆ ಜೂನಿನಿಂದ ಆ ಮನೆಯನ್ನು ಪ್ರವಾಸಿಗರಿಗೆ ವಾರದ ಲೆಕ್ಕದಲ್ಲಿ ಕೊಡುತ್ತಾರೆ. ವಿದ್ಯಾರ್ಥಿಗಳು ಒಂದು ತಿಂಗಳಿಗೆ ಕೊಡುವುದನ್ನು ಪ್ರವಾಸಿಗಳು ಒಂದು ವಾರಕ್ಕೆ ಕೊಡುತ್ತಾರೆ ಎಂದು ಮಾಲೀಕರು ಮುಚ್ಚುಮರೆಯಿಲ್ಲದೆ ಹೇಳಿದರಂತೆ. ಇದು ಒಬ್ಬರ ದುರಾಸೆಯ ಕಥೆಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಈ ದಡದ ಊರುಗಳಲ್ಲಿ ಇದು ರೂಢಿ. ಚಳಿಗಾಲಕ್ಕೆ ವಿದ್ಯಾರ್ಥಿಗಳು, ಬೇಸಿಗೆಗೆ ಪ್ರವಾಸಿಗರು. ಹೊಲದಲ್ಲಿ ಎರಡು ಬೆಳೆ ತೆಗೆದಂತೆ ಮನೆಯಲ್ಲೂ ಎರಡು ಬೆಳೆ.

"ಮೇ ತಿಂಗಳಿಗೆ ತರಗತಿ ಮುಗಿಯುತ್ತದಲ್ಲ, ಊರಿಗೆ ಬರಲಿ" ಎನ್ನುವಿರಿ. ಇಲ್ಲಿದೆ ತೊಡಕು. ತರಗತಿಗಳು ಮೇ ಕೊನೆಗೆ ಮುಗಿಯುತ್ತವೆ ನಿಜ, ಪರೀಕ್ಷೆಗಳು ಶುರುವಾಗುವುದು ಜೂನಿನಲ್ಲಿ! ಜೂನ್ ಮತ್ತು ಜುಲೈ ಎರಡೂ ತಿಂಗಳು ಪರೀಕ್ಷೆಗಳ ಕಾಲ. ಅದು ಕೈತಪ್ಪಿದರೆ ಸೆಪ್ಟೆಂಬರು. ಸೆಪ್ಟೆಂಬರಿನವರೆಗೆ ಕಾಯಬಹುದಲ್ಲ ಎಂದರೆ ಅದಕ್ಕೂ ಅಡ್ಡಿಯಿದೆ. ಇಟಲಿಯ ಸರ್ಕಾರ ಕೊಡುವ ವಿದ್ಯಾರ್ಥಿವೇತನಕ್ಕೆ 2001ರ ಆದೇಶವೊಂದರ ಪ್ರಕಾರ ಒಂದು ಷರತ್ತಿದೆ: ಮೊದಲ ವರ್ಷದ ವಿದ್ಯಾರ್ಥಿ ಆಗಸ್ಟ್ 10ರೊಳಗೆ ಕನಿಷ್ಠ 20 ಕ್ರೆಡಿಟ್‌ಗಳನ್ನು ಗಳಿಸಿರಬೇಕು, ಇಲ್ಲವಾದರೆ ಎರಡನೆಯ ಕಂತಿಗೆ ಕುತ್ತು. ಅಷ್ಟೇ ಅಲ್ಲ, ನಮ್ಮಂಥ ಹೊರದೇಶದವರು ವಾಸದ ಪರವಾನಗಿಯನ್ನು ನವೀಕರಿಸಬೇಕಾದರೆ ಪರೀಕ್ಷೆಗಳಲ್ಲಿ ಪಾಸಾದ ದಾಖಲೆ ತೋರಿಸಬೇಕು. ವಿಳಾಸ ಬದಲಾದರೆ 15 ದಿನಗಳೊಳಗೆ ಪೊಲೀಸ್ ಕಚೇರಿಗೆ ತಿಳಿಸಬೇಕು. ಈಗ ಮೂರನ್ನೂ ಜೋಡಿಸಿ ನೋಡಿ. ವಿಶ್ವವಿದ್ಯಾನಿಲಯ ಹೇಳುತ್ತದೆ, ಜೂನಿನಲ್ಲಿ ಪರೀಕ್ಷೆ ಬರೆ. ಸರ್ಕಾರ ಹೇಳುತ್ತದೆ, ಆಗಸ್ಟ್ ಹತ್ತರೊಳಗೆ ಅಂಕ ತಂದು ತೋರಿಸು, ಇರುವ ವಿಳಾಸವನ್ನೂ ಬರೆದುಕೊಡು. ಮಾಲೀಕ ಹೇಳುತ್ತಾನೆ, ಮೇ 31ಕ್ಕೆ ಹೊರಡು. ಮೂರು ಎತ್ತುಗಳನ್ನು ಮೂರು ದಿಕ್ಕಿಗೆ ಹೂಡಿದ ಗಾಡಿಯಿದು, ಮೇಲೆ ಕುಳಿತಿರುವವಳು ಇಪ್ಪತ್ತಮೂರು ವರ್ಷದ ಹುಡುಗಿ.

ಅವಳು ಏನು ಮಾಡಿದಳು ಗೊತ್ತೇ? ಸಮುದ್ರದ ಕಡೆಯ ಹೋಟೆಲೊಂದರಲ್ಲಿ ಬೇಸಿಗೆಯ ಕೆಲಸಕ್ಕೆ ಸೇರಿದಳು. ಕೆಲಸಕ್ಕಿಂತ ಹೆಚ್ಚಾಗಿ ಬೇಕಾದದ್ದು ಕೆಲಸಗಾರರಿಗೆ ಕೊಡುವ ನೆಲಮಾಳಿಗೆಯ ಮಂಚ. ವಿದ್ಯಾರ್ಥಿ ಪರವಾನಗಿಯವರು ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದೆಂದು ಕಾನೂನು. ಆದರೆ ಜುಲೈ ತಿಂಗಳ ಹೋಟೆಲಿಗೆ ಇಪ್ಪತ್ತು ಗಂಟೆ ಎಂದರೆ ಎರಡು ದಿನ. ಬೆಳಿಗ್ಗೆ ಐದೂವರೆಗೆ ಎದ್ದು ತಿಂಡಿಯ ಮೇಜುಗಳನ್ನು ಜೋಡಿಸಿ, ಹಾಸಿಗೆಯ ದುಪ್ಪಟಿಗಳನ್ನು ಬದಲಿಸಿ, ರಾತ್ರಿ ಸಂಖ್ಯಾಶಾಸ್ತ್ರ ಓದಿ, ಜೂನ್ ಕೊನೆಯ ವಾರದಲ್ಲಿ ಪರೀಕ್ಷೆಗೆ ಕುಳಿತಳು. ಪ್ರವಾಸೋದ್ಯಮದ ಅರ್ಥಶಾಸ್ತ್ರ ಓದುವ ಹುಡುಗಿಯನ್ನು ಪ್ರವಾಸೋದ್ಯಮವೇ ಮನೆಯಿಂದ ಹೊರಗೆ ಹಾಕಿ, ತನ್ನ ನೆಲಮಾಳಿಗೆಯಲ್ಲಿ ಮಲಗಿಸಿತು. ಈ ಪಾಠ ಅವಳ ಪಠ್ಯಪುಸ್ತಕದಲ್ಲಿದೆಯೋ ಇಲ್ಲವೋ ನಾನರಿಯೆ.

ಈಗ ನನ್ನ ಹಳೆಯ ವಿದ್ಯಾರ್ಥಿಯ ಮಾತು. ಪ್ರಿಯ ಶಿಷ್ಯನೇ, "ಮನೆ ಮಾಲೀಕನದು" ಎಂದೆ. ಹೌದಪ್ಪ, ಮಾಲೀಕನದೇ. ಆದರೆ ಇತಿಹಾಸದ ತರಗತಿಯಲ್ಲಿ ನೀನು ಎರಡನೆಯ ಬೆಂಚಿನಲ್ಲಿ ಕುಳಿತಿದ್ದವನು. ಆದ್ದರಿಂದ ಅಂದು ಪಠ್ಯದಲ್ಲಿಲ್ಲದ ಒಂದು ಪಾಠವನ್ನು ಇಂದು ಹೇಳುತ್ತೇನೆ, ಕೇಳು.

ವಿಶ್ವವಿದ್ಯಾನಿಲಯ ಎಂದು ನಾವು ಅನುವಾದಿಸಿಕೊಂಡಿರುವ ಲ್ಯಾಟಿನ್ ಪದ 'ಯೂನಿವರ್ಸಿತಾಸ್'. ಇಲ್ಲಿ ಅದಕ್ಕೆ ವಿಶ್ವ ಎಂಬ ಅರ್ಥವಿಲ್ಲ, ಕಟ್ಟಡ ಎಂಬ ಅರ್ಥವೂ ಇಲ್ಲ. ಮಧ್ಯಯುಗದಲ್ಲಿ ಆ ಪದಕ್ಕೆ ಸಂಘ ಎಂದರ್ಥ, ನಮ್ಮ ಭಾಷೆಯಲ್ಲಿ ಒಕ್ಕೂಟ. ಹನ್ನೆರಡನೆಯ ಶತಮಾನದಲ್ಲಿ ರೋಮನ್ ಕಾನೂನು ಕಲಿಯಲು ಆಲ್ಪ್ಸ್ ಪರ್ವತದ ಆಚೆಯಿಂದ, ಈಚೆಯಿಂದ ನೂರಾರು ಯುವಕರು ಬೊಲೊನ್ಯಕ್ಕೆ ಬಂದರು. ಅವರು ಪರದೇಶಿಗಳು, ಊರಿನ ಹಕ್ಕುಗಳು ಅವರಿಗಿರಲಿಲ್ಲ. ಊರಿನವರು ಕೋಣೆಗಳ ಬಾಡಿಗೆಯನ್ನೂ ದಿನಸಿಯ ಬೆಲೆಯನ್ನೂ ಮನಬಂದಂತೆ ಏರಿಸಿದರು. ಆಗ ಆ ವಿದ್ಯಾರ್ಥಿಗಳು ಒಂದಾಗಿ ಸಂಘ ಕಟ್ಟಿದರು. ಅದೇ ಯೂನಿವರ್ಸಿತಾಸ್. "ಬಾಡಿಗೆ ಇಳಿಸಿ, ಇಲ್ಲವೇ ನಾವೆಲ್ಲ ಒಟ್ಟಾಗಿ ಈ ಊರು ಬಿಡುತ್ತೇವೆ" ಎಂಬುದು ಅವರ ಆಯುಧ. ಅದು ಬರಿಯ ಬೆದರಿಕೆಯಾಗಿರಲಿಲ್ಲ. 1204ರಲ್ಲಿ ಒಂದು ಗುಂಪು ವಿಚೆಂಜಕ್ಕೆ ಹೋಯಿತು, 1215ರಲ್ಲಿ ಇನ್ನೊಂದು ಅರೆಜ್ಜೊಗೆ. 1222ರಲ್ಲಿ ಹೊರಟವರಿಂದ ಪಾದುವಾದ ವಿಶ್ವವಿದ್ಯಾನಿಲಯವೇ ಹುಟ್ಟಿಕೊಂಡಿತು. ಬೊಲೊನ್ಯದ ಜನ ಪಾಠ ಕಲಿತರು. ಕೋಣೆಗಳ ಬಾಡಿಗೆಯನ್ನು ನಿಗದಿಮಾಡಲು ವಿದ್ಯಾರ್ಥಿಗಳ ಕಡೆಯವರೂ ಊರಿನ ಕಡೆಯವರೂ ಸೇರಿದ ಪಂಚಾಯಿತಿ ಏರ್ಪಟ್ಟಿತು. ಅದಕ್ಕೆ ಒಪ್ಪದ ಮಾಲೀಕನ ಮನೆಗೆ ಯಾವ ವಿದ್ಯಾರ್ಥಿಯೂ ಕಾಲಿಡಬಾರದೆಂದು ಬಹಿಷ್ಕಾರ.

ನಡುವೆ ಒಂದು ಮಾತು. ಆ ಸಂಘದ ರೆಕ್ಟರನೂ ಒಬ್ಬ ವಿದ್ಯಾರ್ಥಿಯೇ. ಅಧ್ಯಾಪಕರು ಅವನಿಗೆ ವಿಧೇಯರಾಗಿರುತ್ತೇವೆಂದು ಪ್ರಮಾಣ ಮಾಡಬೇಕಿತ್ತು. ಅನುಮತಿಯಿಲ್ಲದೆ ಒಂದು ದಿನ ಗೈರುಹಾಜರಾದರೆ ದಂಡ. ಗಂಟೆ ಬಾರಿಸಿದ ಮೇಲೂ ಪಾಠ ಮುಂದುವರಿಸಿದರೆ ದಂಡ. ತರಗತಿಗೆ ಐವರು ಕೇಳುಗರೂ ಬಾರದಿದ್ದರೆ ಅಧ್ಯಾಪಕನೇ ಬರಲಿಲ್ಲವೆಂದು ಲೆಕ್ಕ ಹಿಡಿದು ದಂಡ! ನಮ್ಮ ಕಾಲದಲ್ಲಿ ಇಂಥ ನಿಯಮ ಇದ್ದಿದ್ದರೆ, ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಅರ್ಧ ಪೀರಿಯಡ್ ಕಳೆಯುತ್ತಿದ್ದ ಕೆಲವು ಮಹನೀಯರ ಸಂಬಳ ತಿಂಗಳ ಹತ್ತನೆಯ ತಾರೀಖಿಗೇ ಮುಗಿದಿರುತ್ತಿತ್ತು.

ಆದ್ದರಿಂದ ಶಿಷ್ಯನೇ, ಬಾಡಿಗೆಯ ನ್ಯಾಯ ಎಂಬುದು ವಿಶ್ವವಿದ್ಯಾನಿಲಯದ ಹೊರಗಿನ ವಿಷಯವಲ್ಲ. ವಿಶ್ವವಿದ್ಯಾನಿಲಯ ಎಂಬ ವಸ್ತು ಹುಟ್ಟಿದ್ದೇ ಆ ಜಗಳದಲ್ಲಿ. ಅದೇ ಬೊಲೊನ್ಯದ ಹೆಸರು ಹೊತ್ತ ಸಂಸ್ಥೆಯ ವಿದ್ಯಾರ್ಥಿನಿ, ಎಂಟುನೂರು ವರ್ಷಗಳ ಮೇಲೆ, ನೂರು ಕಿಲೋಮೀಟರು ದೂರದ ಊರಿನಲ್ಲಿ, ಪರೀಕ್ಷೆಯ ಹಿಂದಿನ ವಾರ ಸೂಟ್‌ಕೇಸು ಹಿಡಿದು ಬೀದಿಯಲ್ಲಿ ನಿಂತಾಗ "ಮಾಲೀಕನ ಇಷ್ಟ" ಎಂದು ಕೈತೊಳೆದುಕೊಳ್ಳುವುದಾದರೆ ಆ ಸಂಸ್ಥೆ ತನ್ನ ಹುಟ್ಟನ್ನೇ ಮರೆತಿದೆ ಎಂದಾಯಿತು.

ಮಾಲೀಕನಿಗೂ ನ್ಯಾಯ ಸಲ್ಲಬೇಕು. ರಿಮಿನಿಯ ಜನ ದುರಾಶೆಯಿಂದ ಪ್ರವಾಸೋದ್ಯಮಕ್ಕೆ ಬಿದ್ದವರಲ್ಲ. ಅಲ್ಲಿ ಸಮುದ್ರಸ್ನಾನದ ಮೊದಲ ಏರ್ಪಾಟು ಆರಂಭವಾದದ್ದು 1843ರಲ್ಲಿ. ಆಗ ಅದು ಸಿರಿವಂತರ ಹವ್ಯಾಸ. ಯುದ್ಧದಲ್ಲಿ ಬಾಂಬುಗಳಿಂದ ಊರು ನೆಲಸಮವಾದ ಮೇಲೆ, ಬೇರೆ ದಾರಿಯಿಲ್ಲದ ಸಾಮಾನ್ಯ ಕುಟುಂಬಗಳು ತಮ್ಮ ಮನೆಯ ಕೋಣೆಗಳನ್ನೇ ಬೇಸಿಗೆಯ ಅತಿಥಿಗಳಿಗೆ ಬಿಟ್ಟುಕೊಟ್ಟು, ಅಡುಗೆಮನೆಯಲ್ಲಿ ಮಲಗಿ, ಸಣ್ಣ ಸಣ್ಣ ವಸತಿಗೃಹಗಳನ್ನು ಕಟ್ಟಿದರು. 1950, 60ರ ದಶಕಗಳಲ್ಲಿ ಕಾರ್ಖಾನೆಯ ಕೆಲಸಗಾರನೂ ಹೆಂಡತಿ ಮಕ್ಕಳೊಂದಿಗೆ ಒಂದು ವಾರ ಸಮುದ್ರ ನೋಡುವಂತಾದದ್ದು ಇಂಥ ಊರುಗಳಿಂದ. ಈ ದುಡಿಮೆಗೆ ನನ್ನ ನಮಸ್ಕಾರವಿದೆ. ಆದರೆ ಅಂದು ಅಡುಗೆಮನೆಯಲ್ಲಿ ಮಲಗಿದವನು ಮನೆಯ ಯಜಮಾನ. ಇಂದು ನೆಲಮಾಳಿಗೆಯಲ್ಲಿ ಮಲಗುವವನು ಬಾಡಿಗೆದಾರ. ಈ ವ್ಯತ್ಯಾಸವನ್ನು ಮುಚ್ಚಿಟ್ಟು ಹಳೆಯ ಕಥೆಯನ್ನು ಹೇಳಬಾರದು.

ಕಾನೂನು ಏನನ್ನುತ್ತದೆ? ಇಟಲಿಯಲ್ಲಿ 1998ರ 431ನೆಯ ಸಂಖ್ಯೆಯ ಬಾಡಿಗೆ ಕಾಯ್ದೆಯು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೆಂದೇ ಒಂದು ಬಗೆಯ ಕರಾರನ್ನು ಏರ್ಪಡಿಸಿದೆ. ಊರಿನ ಮಟ್ಟದಲ್ಲಿ ಮಾಲೀಕರ ಸಂಘ, ಬಾಡಿಗೆದಾರರ ಸಂಘ ಎರಡೂ ಕುಳಿತು ಒಪ್ಪಿದ ಮಿತಿಯೊಳಗೆ ಬಾಡಿಗೆ. ಅದಕ್ಕೆ ಬದಲಾಗಿ ಮಾಲೀಕನಿಗೆ ತೆರಿಗೆಯಲ್ಲಿ ರಿಯಾಯಿತಿ. ಹಳೆಯ ಬೊಲೊನ್ಯದ ಪಂಚಾಯಿತಿಯ ನೆರಳು ಇದರಲ್ಲಿ ಕಾಣುತ್ತದೆ, ಒಳ್ಳೆಯದೇ. ಆದರೆ ಕರಾರಿನ ಅವಧಿ ಆರು ತಿಂಗಳಿಂದ ಮೂರು ವರ್ಷದವರೆಗೆ ಎಷ್ಟಾದರೂ ಇರಬಹುದು ಎಂದಿದ್ದಾರೆ. ಆ "ಆರು ತಿಂಗಳು" ಎಂಬ ಕಂಡಿಯಲ್ಲೇ ಈ ಆಟವೆಲ್ಲ ನುಸುಳುವುದು. ಬೆಟ್ಟದ ಊರಿಗೂ ಸಮುದ್ರದ ಊರಿಗೂ ಒಂದೇ ನಿಯಮ ಮಾಡಿದವರಿಗೆ ಸಮುದ್ರದ ಊರಿನಲ್ಲಿ ವರ್ಷಕ್ಕೆ ಒಂಬತ್ತೇ ತಿಂಗಳು ಎಂಬುದು ತಿಳಿಯದೇ? ವಿದ್ಯಾರ್ಥಿ ಕರಾರು ಎಂಬ ಹೆಸರಿನಲ್ಲಿ ರಿಯಾಯಿತಿ ಪಡೆಯುವ ಮಾಲೀಕ ವಿದ್ಯಾರ್ಥಿಯ ವರ್ಷ ಮುಗಿಯುವವರೆಗೆ, ಅಂದರೆ ಜುಲೈ ಪರೀಕ್ಷೆಗಳು ಮುಗಿಯುವವರೆಗೆ ಮನೆ ಕೊಡಬೇಕು ಎಂದು ಒಂದು ಸಾಲು ಸೇರಿಸಿದರೆ ಸಾಕು. ಅದು ಬೇಡವೆನ್ನುವ ಮಾಲೀಕ ರಿಯಾಯಿತಿ ಬಿಡಲಿ, ಪೂರ್ತಿ ತೆರಿಗೆ ಕಟ್ಟಲಿ, ತನ್ನ ಇಷ್ಟದಂತೆ ಇರಲಿ. ಆಗ "ಮನೆ ಮಾಲೀಕನದು" ಎಂಬ ನಿನ್ನ ಮಾತಿಗೂ ಬಾಧೆಯಿಲ್ಲ.

ವಿಶ್ವವಿದ್ಯಾನಿಲಯವೂ ಈ ಪಾಪದಿಂದ ಪಾರಲ್ಲ. ಪರೀಕ್ಷೆಯ ದಿನಾಂಕ ಗೊತ್ತುಮಾಡುವವರು ಅವರೇ. ಮನೆಗಳು ಮೇ 31ಕ್ಕೆ ಖಾಲಿಯಾಗುತ್ತವೆಂಬುದು ಆ ಊರಿನ ಕಾಫಿ ಅಂಗಡಿಯವನಿಗೂ ಗೊತ್ತಿದೆ, ಅವರಿಗೆ ಗೊತ್ತಿಲ್ಲವೇ? ಸಾವಿರ ಹೋಟೆಲುಗಳ ಊರಿನಲ್ಲಿ ವಿದ್ಯಾರ್ಥಿಗಳಿಗೆ ಹಾಸಿಗೆಯಿಲ್ಲ ಎಂಬ ಮಾತನ್ನು ಎಂಥ ಗಂಭೀರ ಮುಖದಿಂದ ಹೇಳಲು ಸಾಧ್ಯ! ಒಂದಿಪ್ಪತ್ತು ಹಳೆಯ ಹೋಟೆಲುಗಳನ್ನು ವರ್ಷಪೂರ್ತಿ ವಿದ್ಯಾರ್ಥಿನಿಲಯಗಳನ್ನಾಗಿ ಮಾಡಿಕೊಂಡರೆ ಪ್ರವಾಸಿಗರಿಗೆ ಯಾವ ಕೊರತೆಯೂ ಆಗದು.

2023ರ ಮೇ ತಿಂಗಳಿನಲ್ಲಿ ಮಿಲಾನಿನ ತಾಂತ್ರಿಕ ವಿಶ್ವವಿದ್ಯಾನಿಲಯದ ಮುಂದೆ ಒಬ್ಬ ವಿದ್ಯಾರ್ಥಿನಿ ಬಾಡಿಗೆಯ ವಿರುದ್ಧ ಡೇರೆ ಹಾಕಿ ಕುಳಿತಳು. ಕೆಲವೇ ದಿನಗಳಲ್ಲಿ ರೋಮ್, ಬೊಲೊನ್ಯ, ಫ್ಲಾರೆನ್ಸ್ ಮುಂತಾದ ಊರುಗಳಲ್ಲೂ ಡೇರೆಗಳು ಎದ್ದವು. ಯೂರೋಪಿನ ಪುನಶ್ಚೇತನ ನಿಧಿಯ ಹಣದಿಂದ 2026ರೊಳಗೆ 60,000 ಹೊಸ ಹಾಸಿಗೆಗಳನ್ನು ಒದಗಿಸುತ್ತೇವೆಂದು ಸರ್ಕಾರ ಗುರಿ ಇಟ್ಟುಕೊಂಡಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಫ್ಲಾರೆನ್ಸ್ ನಗರ ತನ್ನ ಹಳೆಯ ಊರಿನೊಳಗೆ ಅಲ್ಪಾವಧಿ ಪ್ರವಾಸಿ ಬಾಡಿಗೆಗೆ ಹೊಸದಾಗಿ ಮನೆ ಕೊಡುವುದನ್ನು ನಿಷೇಧಿಸಿತು. 2025ರ ಜನವರಿಯಿಂದ ಇಂಥ ಪ್ರತಿಯೊಂದು ಮನೆಗೂ ರಾಷ್ಟ್ರೀಯ ಗುರುತಿನ ಸಂಖ್ಯೆ ಕಡ್ಡಾಯವಾಯಿತು. ಯಾವ ಮನೆ ಯಾವ ತಿಂಗಳು ಯಾರಿಗೆ ಎಂಬ ಲೆಕ್ಕ ಸಿಗತೊಡಗಿದರೆ ಉಳಿದ ಕೆಲಸ ಸುಲಭ. ಅದನ್ನು ಮಾಡುವ ಮನಸ್ಸು ಬೇಕು. ಊರಿನ ಚುನಾವಣೆಯಲ್ಲಿ ಮಾಲೀಕರಿಗೆ ಮತವಿದೆ, ಬೇರೆ ಊರಿನಿಂದ ಬಂದ ಈ ಮಕ್ಕಳಿಗಿಲ್ಲ.

ಕೊನೆಯದಾಗಿ ನಮ್ಮ ಊರುಗಳ ಬಸ್‌ನಿಲ್ದಾಣದ ಎದುರು "ಇಟಲಿಯಲ್ಲಿ ಉಚಿತ ಶಿಕ್ಷಣ" ಎಂದು ಫಲಕ ತೂಗುಹಾಕಿರುವ ಮಹಾಶಯರಿಗೆ ಎರಡು ಮಾತು. ಶುಲ್ಕದ ಬಗ್ಗೆ ನೀವು ಹೇಳುವುದು ಪೂರ್ತಿ ಸುಳ್ಳಲ್ಲ. ಅಲ್ಲಿನ ಸಂವಿಧಾನದ 34ನೆಯ ವಿಧಿಯು ಬಡವನಾದರೂ ಯೋಗ್ಯನಾದವನಿಗೆ ಅತ್ಯುನ್ನತ ಮಟ್ಟದವರೆಗೆ ಓದುವ ಹಕ್ಕಿದೆಯೆಂದು ಸಾರುತ್ತದೆ. ಕುಟುಂಬದ ವರಮಾನಕ್ಕೆ ತಕ್ಕಂತೆ ಶುಲ್ಕ. ಕಡಿಮೆ ವರಮಾನದವರಿಗೆ ಶುಲ್ಕವೇ ಇಲ್ಲ. ಕುಟುಂಬದ ಆದಾಯ, ಆಸ್ತಿಗಳ ದಾಖಲೆಯನ್ನೆಲ್ಲ ಸಲ್ಲಿಸಿ ಇದನ್ನು ಪಡೆದ ನಮ್ಮ ಹುಡುಗಿಯ ತಂದೆ ಆ ಸರ್ಕಾರವನ್ನು ದಿನವೂ ಹೊಗಳುತ್ತಾನೆ, ನಾನೂ ಹೊಗಳುತ್ತೇನೆ. ಆದರೆ ಅಡಿಕೆ ತೋಟವನ್ನು ಒತ್ತೆಯಿಟ್ಟು ಮಗನನ್ನು ಕಳಿಸುವ ತಂದೆಗೆ ನೀವು ಜೂನ್ ತಿಂಗಳ ಸಂಗತಿ ಹೇಳುತ್ತೀರಾ? ವಿದ್ಯಾರ್ಥಿವೇತನದ ಮೊದಲ ಕಂತು ಕೈಸೇರುವ ಮೊದಲೇ ಮುಂಗಡ ಕೊಡಬೇಕೆಂದು, ಕರಾರು ನೋಂದಣಿಯಾಗದ ಕೋಣೆಯಲ್ಲಿದ್ದರೆ ಸರ್ಕಾರಿ ಕಚೇರಿಯ ಎದುರು ವಿಳಾಸಕ್ಕೆ ಪುರಾವೆಯಿಲ್ಲದೆ ನಿಲ್ಲಬೇಕಾಗುತ್ತದೆಂದು ಹೇಳುತ್ತೀರಾ? ಹೇಳುವುದಿಲ್ಲ. ನಿಮ್ಮ ಫಲಕದಲ್ಲಿ ಜಾಗ ಸಾಲದು.

ಆದುದರಿಂದ ಈ ಪುಟ ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಮಕ್ಕಳನ್ನು ಅಂಥ ಊರುಗಳಿಗೆ ಕಳಿಸುವ ಯೋಚನೆಯಲ್ಲಿದ್ದರೆ, ಕಾಲೇಜಿನ ಶ್ರೇಯಾಂಕ ಕೇಳುವುದಕ್ಕೆ ಮುಂಚೆ ಬಾಡಿಗೆ ಕರಾರಿನ ಕೊನೆಯ ತಾರೀಖು ಕೇಳಿ. ಅದು ನೋಂದಣಿಯಾಗಿದೆಯೇ ಕೇಳಿ. ಬೇಕಾದರೆ ನನಗೆ ಬರೆಯಿರಿ, ಹುಡುಗಿಯಿಂದ ಕೇಳಿ ತಿಳಿಸುತ್ತೇನೆ.

ಅವಳು ಆ ಬೇಸಿಗೆಯಲ್ಲಿ 20 ಕ್ರೆಡಿಟ್ ದಾಟಿದಳು. ಈ ವರ್ಷ ರಿಮಿನಿಯ ಗೊಡವೆಯೇ ಬೇಡವೆಂದು ಹತ್ತು ಕಿಲೋಮೀಟರು ಒಳಗಿನ ಸಾಂತಾರ್ಕಾಂಜೆಲೊ ಎಂಬ ಗುಡ್ಡದ ಮೇಲಿನ ಪುಟ್ಟ ಊರಿನಲ್ಲಿ, ಎಂಬತ್ತರ ಸಮೀಪದ ವಿಧವೆಯೊಬ್ಬರ ಮನೆಯಲ್ಲಿ ಕೋಣೆ ಹಿಡಿದಿದ್ದಾಳೆ. ರೈಲಿನಲ್ಲಿ ಹೋಗಿ ಬರುತ್ತಾಳೆ. ಕರಾರು ನೋಂದಣಿಯಾಗಿದೆ, ಸೆಪ್ಟೆಂಬರ್ ಕೊನೆಯವರೆಗೂ ಇದೆ. ಆ ಅಜ್ಜಿಯದು ಒಂದೇ ಷರತ್ತು: ಒಗ್ಗರಣೆಗೆ ಸಾಸಿವೆ ಹಾಕುವ ಮುಂಚೆ ಅಡುಗೆಮನೆಯ ಕಿಟಕಿ ತೆರೆದಿರಬೇಕು, ಜನವರಿಯಾದರೂ ಸರಿಯೇ.